ಬಾಗಿಲಾಚೆಗೆ ಬಂದ ಪುಸ್ತಕ

ಬೆಂಗಳೂರು
12 ಜುಲೈ 1959

ಅಪ್ಪನಿಗೆ ಬಯ್ಯಪ್ಪ ಬರೆಯುವುದು.

ಹಾಸ್ಟೆಲು ಸೇರಿಕೊಂಡೆ. ಬಸ್ಸು ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮೂಟೆಗಳನ್ನು ಟಾಪಿಗೆ ಏರಿಸಿಕೊಳ್ಳುತ್ತಾ ಮುಕ್ಕಾಲು ಗಂಟೆ ನಿಂತಿತು. ಸಂಜೆಯ ರೋಲ್‌ಕಾಲಿಗೆ ನಾನಿಲ್ಲ. ವಾರ್ಡನ್ ನನ್ನ ಹೆಸರಿನ ಮುಂದೆ ಕೆಂಪು ಗೆರೆ ಎಳೆದಿದ್ದಾರೆ. ಬಿ.ಎ. ಫಸ್ಟ್ ಇಯರಿನಲ್ಲಿ ಎಂಬತ್ತು ಜನ. ಪಾಲಿಟಿಕ್ಸ್ ಲೆಕ್ಚರರು ಪ್ರಶ್ನೆ ಕೇಳಲು ಬೆಂಚುಗಳ ಮೇಲೆ ಕಣ್ಣಾಡಿಸಿದಾಗೆಲ್ಲ ನಾನು ಪೆನ್ನು ಬಿದ್ದವನಂತೆ ಕೆಳಗೆ ಬಗ್ಗುತ್ತೇನೆ. ಇಂಗ್ಲಿಷು ಕಿವಿಗೆ ಬರುತ್ತದೆ, ಬಾಯಿಗೆ ಬರುವುದಿಲ್ಲ. ಮೆಸ್ಸಿನ ಊಟ ಪರವಾಗಿಲ್ಲ. ನಲ್ಲಿ ತಿರುಗಿಸಿದರೆ ನೀರು. ಅಮ್ಮನಿಗೆ ಹೇಳು.

ಇದನ್ನು ಬರೆಯುವುದಕ್ಕೆ ಕೂತದ್ದಲ್ಲ.

ರಜೆ ಮುಗಿಯುವ ಹಿಂದಿನ ದಿನ ನಿನ್ನ ಜೊತೆ ಪಂಚಾಯ್ತಿ ಆಫೀಸಿಗೆ ಬಂದೆನಲ್ಲ, ಬರಬಾರದಿತ್ತು. ನೀನು ಕುಂಟಪಲ್ಲಿ ಪಂಚಾಯ್ತಿಯ ಮೆಂಬರು. ಸರ್ಕಾರ ನಮ್ಮ ಕೇರಿಗೆ ಅಂತಲೇ ಇಟ್ಟ ಸೀಟಿನಲ್ಲಿ ಮೂರು ವರ್ಷದಿಂದ ಮೆಂಬರು. ಒಳಗೆ ಚೇರ್ಮನ್ ವೆಂಕಟರಾಮಪ್ಪ, ಮಿಕ್ಕ ಐದು ಜನ, ಚಾಪೆಯ ಮೇಲೆ. ನೀನೊಬ್ಬ ಹೊರಗೆ, ಚಪ್ಪಡಿ ಕಲ್ಲಿನ ಮೇಲೆ. ಮೀಟಿಂಗು ಮುಗಿದ ಮೇಲೆ ಜವಾನ ಕೋನಪ್ಪ ತೀರ್ಮಾನದ ಪುಸ್ತಕವನ್ನೂ ಶಾಯಿ ಡಬ್ಬಿಯನ್ನೂ ಒಂದು ಮೊರದಲ್ಲಿಟ್ಟು, ಆ ಮೊರವನ್ನು ಕೋಲಿನಿಂದ ಹೊಸ್ತಿಲಾಚೆಗೆ ತಳ್ಳಿದ. ನಾಯಿಗೆ ಅನ್ನ ತಳ್ಳಿದ ಹಾಗೆ. ನೀನು ಹೆಬ್ಬೆಟ್ಟು ಒತ್ತಿದೆ.

ಒಳಗಿಂದ ವೆಂಕಟರಾಮಪ್ಪ ನಿನ್ನ ಹೆಸರನ್ನು ಅರ್ಧಕ್ಕೆ ಮುರಿದು ಕೂಗಿದ. "ಆಯ್ತೇನೋ ನಲ್ಲಂದು?"

"ಒಣಗ್ತಾ ಐತೆ ಸಾಮಿ" ಅಂತ ಕೋನಪ್ಪ.

"ಎಷ್ಟೊತ್ತು ಒಣಗಿಸ್ತಾನೋ! ಪುಸ್ತಕ ಕಂಡ್ರೆ ಅವ್ನಿಗೆ ಮಗೂಗೆ ಬೆಲ್ಲ ಸಿಕ್ಕಿದಂಗೆ."

ಎಲ್ಲರೂ ನಕ್ಕರು. ನೀನೂ ನಕ್ಕೆ. ನಗುತ್ತಲೇ ಪುಸ್ತಕದ ಮೇಲೆ ಬಗ್ಗಿ ಉಫ್ ಉಫ್ ಎಂದು ಊದುತ್ತಿದ್ದೆ. ಅಪ್ಪಾ, ನಿನಗೆ ಸೈನ್ ಮಾಡಲು ಬರುತ್ತದೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನನ್ನ ಸ್ಲೇಟಿನ ಮೇಲೆ ನಾನೇ ಕಲಿಸಿದ್ದು. ಈ ಕಾಗದವನ್ನೂ ನೀನೇ ಓದುತ್ತೀಯ. ಮತ್ತೆ ಹೆಬ್ಬೆಟ್ಟು ಯಾಕೆ? ಇದೊಂದಕ್ಕೆ ಉತ್ತರ ಕೊಡು.

ವಾಪಸ್ಸು ಬರುವಾಗ ವೆಂಕಟರಾಮಪ್ಪನ ಜಗಲಿಯ ಎದುರಿಗಿರುವ ಪಂಚಾಯ್ತಿ ಬಾವಿಯ ರಾಟೆಗೆ ಆಳೊಬ್ಬ ಹರಳೆಣ್ಣೆ ಬಿಡುತ್ತಿದ್ದ. "ಕಿರ್ರ್ ಅಂದ್ರೆ ಗೌಡ್ರಿಗೆ ತಲೆನೋವು" ಅಂದ. ನಾವು ಆ ಬಾವಿಯನ್ನು ಸುತ್ತಿಕೊಂಡು, ದೂರದಿಂದ, ಗಟಾರದ ಪಕ್ಕ ನಡೆದು ಬಂದೆವು. ಆ ಜಗಲಿಯ ಮೇಲಿಂದ ಅವನನ್ನು ಇಳಿಸುತ್ತೇನೆ. ಹೇಗೆ ಅಂತ ಗೊತ್ತಿಲ್ಲ. ಇಳಿಸುತ್ತೇನೆ.

ನಿನ್ನ
ಬಯ್ಯಪ್ಪ


ಕುಂಟಪಲ್ಲಿ ಕೇರಿ
2 ಆಗಸ್ಟ್ 1959

ಬಯ್ಯನಿಗೆ,

ಕಾಗದ ಬಂತು. ಎರಡು ಸಲ ಓದಿದೆ. ನಿಮ್ಮಮ್ಮನಿಗೆ ಊಟದ ವಿಷಯ, ನಲ್ಲಿ ವಿಷಯ ಓದಿ ಹೇಳಿದೆ. ಮಿಕ್ಕಿದ್ದು ಹೇಳಲಿಲ್ಲ.

ಶಾಯಿ ಡಬ್ಬಿ ತಂದಿಟ್ಟರು, ಒತ್ತಿದೆ. ಅಷ್ಟೇ. ಅದಕ್ಕೆ ನೀನು ಹೊಟ್ಟೆ ಉರಿಸಿಕೊಂಡು ಓದು ಕೆಡಿಸಿಕೊಳ್ಳಬೇಡ. ರೋಲ್‌ಕಾಲಿಗೆ ಹೊತ್ತಿಗೆ ಸರಿಯಾಗಿ ಹೋಗು. ಕ್ಲಾಸಿನಲ್ಲಿ ಬಗ್ಗಬೇಡ, ನೆಟ್ಟಗೆ ಕೂತುಕೋ.

ಮಳೆ ಒಂದು ಹದ ಬಂತು. ಹಿಪ್ಪುನೇರಳೆ ಸೊಪ್ಪು ಚೆನ್ನಾಗಿದೆ. ನಿಮ್ಮಮ್ಮ ಗೌಡರ ತೋಟಕ್ಕೆ ಸೊಪ್ಪು ಬಿಡಿಸೋಕೆ ಹೋಗ್ತಾ ಇದ್ದಾಳೆ. ಕುಂಟೆ ನೀರು ಹಸುರಾಗಿದೆ, ಬಟ್ಟೆಯಲ್ಲಿ ಸೋಸಿ ಕಾಯಿಸುತ್ತಾಳೆ.

ಹೊಸ ಪಂಚಾಯ್ತಿ ಕಾನೂನು ಬರುತ್ತದೆ ಅಂತ ನೀನು ರಜದಲ್ಲಿ ಹೇಳಿದೆಯಲ್ಲ, ಅದರಲ್ಲಿ ಒಂದು ವಿಷಯ ನೋಡಿ ಬರಿ. ಹಳೇ ಪಂಚಾಯ್ತಿ ಹೋಗಿ ಹೊಸದು ಬಂದರೆ, ಹಳೇ ಪುಸ್ತಕದಲ್ಲಿ ಬರೆದ ತೀರ್ಮಾನ ನಿಲ್ಲುತ್ತದಾ, ಬಿದ್ದುಹೋಗುತ್ತದಾ? ಮರೆಯಬೇಡ.

ನಿಮ್ಮಪ್ಪ
ನಲ್ಲಪ್ಪ


ಬೆಂಗಳೂರು
20 ಸೆಪ್ಟೆಂಬರ್ 1959

ಅಪ್ಪಾ,

ಸಿಕ್ಕಿತು! ದಾರಿ ಸಿಕ್ಕಿತು. ಆತುರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ. ಲೆಕ್ಚರರನ್ನು ಕೇಳಿದೆ (ನಾನೇ ಎದ್ದು ನಿಂತು ಕೇಳಿದೆ, ಇಂಗ್ಲಿಷಿನಲ್ಲಿ, ಬೆವರಿ ನೀರಾದೆ). ಹಳೇ ತೀರ್ಮಾನ ನಿಲ್ಲುತ್ತದಂತೆ. ಆದರೆ ಪುಸ್ತಕ ಯಾವ ಪಂಚಾಯ್ತಿಯ ಕೈಗೆ ಹೋಗುತ್ತದೋ ಆ ಪಂಚಾಯ್ತಿಗೆ ಮಾತ್ರ. ಆ ಪುಸ್ತಕ ಹಾಳಾಗಿ ಹೋಗಲಿ, ನಮಗೇಕೆ? ಇದನ್ನು ಕೇಳು.

ಹೊಸ ಕಾನೂನಿನ ಪ್ರಕಾರ ಒಂದು ಊರಿಗೆ ಸ್ವಂತ ಪಂಚಾಯ್ತಿ ಬೇಕೆಂದರೆ ಕನಿಷ್ಠ ಸಾವಿರದ ಐನೂರು ತಲೆ ಇರಬೇಕು. ಕಡಿಮೆಯಾದರೆ ಪಕ್ಕದ ಊರಿನ ಜೊತೆ ಸೇರಿಸುತ್ತಾರೆ. ಹಿಂದಿನ ಸೆನ್ಸಸ್ಸು ನೋಡಿದೆ. ಕುಂಟಪಲ್ಲಿಯಲ್ಲಿ ಸಾವಿರದ ಆರುನೂರ ನಲವತ್ತೊಂದು ತಲೆ. ಅದರಲ್ಲಿ ನಮ್ಮ ಕೇರಿಯವು ಮುನ್ನೂರ ಹದಿನೇಳು. ನಮ್ಮನ್ನು ತೆಗೆದರೆ ಎಷ್ಟು ಉಳಿಯಿತು? ಸಾವಿರದ ಮುನ್ನೂರ ಇಪ್ಪತ್ತನಾಲ್ಕು!

ನಮ್ಮನ್ನು ಒಳಗೆ ಕೂರಿಸದ ಪಂಚಾಯ್ತಿ ನಮ್ಮ ತಲೆಗಳ ಮೇಲೆ ನಿಂತಿದೆ ಅಪ್ಪಾ. ನಾವು ಎದ್ದು ಇನ್ನೊಂದು ಊರಿನ ಪಂಚಾಯ್ತಿಗೆ ಸೇರಿಕೊಂಡರೆ ಇದು ಇಲ್ಲ. ಕುಂಟಪಲ್ಲಿಯನ್ನು ಸೊಣ್ಣಹಳ್ಳಿಗೆ ಸೇರಿಸುತ್ತಾರೆ. ಕೆರೆ ತೂಬಿನ ಜಗಳದಲ್ಲಿ ವೆಂಕಟರಾಮಪ್ಪ ಯಾರ ಮುಖ ನೋಡುವುದಿಲ್ಲವೆಂದು ಆಣೆ ಹಾಕಿದ್ದಾನೋ, ಅದೇ ಸೊಣ್ಣಹಳ್ಳಿಯವರ ಬಾಗಿಲಲ್ಲಿ ಹೋಗಿ ಕೈಕಟ್ಟಿ ನಿಲ್ಲಬೇಕು. ಅವರು ಅವನಿಗೊಂದು ಕಲ್ಲು ತೋರಿಸಲಿ. ನನ್ನ ರೂಮ್‌ಮೇಟ್ ಗೌರಿಬಿದನೂರಿನ ಕಡೆಯವನು, ಇದನ್ನು ಕೇಳಿ ಹಾಸಿಗೆಯ ಮೇಲೆ ಕುಣಿದ.

ಕೇರಿಯ ಓಟುದಾರರು ಬೇರೆ ಹೋಗುತ್ತೇವೆಂದು ಅರ್ಜಿ ಕೊಟ್ಟರೆ ಸರ್ಕಾರ ಅವರ ಅಭಿಪ್ರಾಯ ಕೇಳಿ ಆರ್ಡರು ಮಾಡಬಹುದಂತೆ. ಅರ್ಜಿ ಬರೆದು ಇದರೊಳಗೆ ಇಟ್ಟಿದ್ದೇನೆ. ನಾವು ಬೇರೆ ಊರೇ ಎಂದು ತೋರಿಸಲು ಪಾಯಿಂಟು ಪಾಯಿಂಟಾಗಿ ಬರೆದಿದ್ದೇನೆ. ನಮ್ಮ ಸ್ಮಶಾನ ಬೇರೆ, ನಮ್ಮ ಬಾವಿ ಬೇರೆ, ನಮ್ಮ ದಾರಿ ಬೇರೆ, ಟೀ ಅಂಗಡಿಯಲ್ಲಿ ನಮ್ಮ ಲೋಟ ಬೇರೆ. ಅವರು ಮಾಡಿದ್ದನ್ನೆಲ್ಲ ಅವರ ವಿರುದ್ಧ ಸಾಕ್ಷಿ ಮಾಡಿದ್ದೇನೆ. ಕೇರಿಯವರ ಸೈನು, ಹೆಬ್ಬೆಟ್ಟು ಹಾಕಿಸಿ ತಹಶೀಲ್ದಾರರಿಗೆ ಕೊಡು. ನೀನು ಮಾತ್ರ ಸೈನು ಮಾಡು.

ನನಗೆ ಓಟಿಲ್ಲ. ಇಪ್ಪತ್ತೊಂದು ತುಂಬಲು ಇನ್ನೂ ಎರಡು ವರ್ಷ. ನನ್ನ ಓಟನ್ನೂ ನೀನೇ ಹಾಕಿದೆ ಅಂದುಕೊಳ್ಳುತ್ತೇನೆ.

ನಿನ್ನ
ಬಯ್ಯಪ್ಪ


ಕುಂಟಪಲ್ಲಿ ಕೇರಿ
25 ಅಕ್ಟೋಬರ್ 1959

ಬಯ್ಯನಿಗೆ,

ದಸರಾ ಕಳೆದ ಮೇಲೆ ಬೇವಿನ ಮರದ ಕೆಳಗೆ ಕೇರಿಯವರನ್ನೆಲ್ಲ ಕೂರಿಸಿ ನಿನ್ನ ಅರ್ಜಿ ಓದಿದೆ. ನಾನು ಓದುವುದು ಕೇರಿಯವರಿಗೆ ಗೊತ್ತು, ಊರಿನವರಿಗೆ ಗೊತ್ತಿಲ್ಲ. ಗೊತ್ತಾಗಬಾರದು ಅಂತ ಎಲ್ಲರಿಗೂ ಹೇಳಿಟ್ಟಿದ್ದೇನೆ.

ನಿನ್ನ ಅಕ್ಷರ ಮುತ್ತಿನಂತಿದೆ ಅಂತ ಎಲ್ಲ ಹೊಗಳಿದರು. ಎರಡನೇ ಪಾಯಿಂಟು ಓದುವಾಗ ನಿಮ್ಮಮ್ಮ ಎದ್ದು ಒಳಗೆ ಹೋದಳು.

ಗಂಗುಲಮ್ಮಜ್ಜಿ ಮಾತ್ರ ಒಪ್ಪಲಿಲ್ಲ. "ಅಲ್ಲ ಕಣೋ ನಲ್ಲಪ್ಪಾ, ನಮ್ಮನ್ನ ದೂರ ಇಟ್ಟೋರು ಅವ್ರು. ಈಗ ನಾವೇ ಸರ್ಕಾರದ ಹತ್ರ ಹೋಗಿ, ಸಾಮಿ ನಮ್ಮನ್ನ ದೂರ ಇಡಿ ಅಂತ ಬರ್ಕೊಡಾದಾ? ಇದ್ಯಾವ ಓದು?" ಅಂದಳು.

ಹುಡುಗರು ರೇಗಿದರು. "ಸುಮ್ಕಿರಜ್ಜಿ, ಗೌಡನ್ನ ಸೊಣ್ಣಹಳ್ಳಿ ಬಾಗ್ಲಲ್ಲಿ ನಿಲ್ಲಿಸಣ" ಅಂದರು.

"ನಿಲ್ಲಿಸ್ರಪ್ಪ, ನಿಲ್ಲಿಸ್ರಿ. ನಂಗೂ ನೋಡೋಕಾಸೆ. ಅಲ್ಲಿಗಂಟ ನಡಿಯೋಕೆ ನಂಗೆ ಕಾಲಿಲ್ಲ, ಇಲ್ಲೇ ನಿಲ್ಲಿಸಿದ್ರೆ ನೋಡ್ಬೋದಿತ್ತು" ಅಂದಳು.

ಎಲ್ಲರೂ ನಕ್ಕರು. ನಾನು ಎರಡು ದಿನ ಅದನ್ನೇ ಯೋಚನೆ ಮಾಡಿದೆ. ಆಮೇಲೆ ಅರ್ಜಿ ಹಾಗೇ ಕಳಿಸಿದೆ, ಒಂದಕ್ಷರ ತಿದ್ದಲಿಲ್ಲ. ನಲವತ್ತಮೂರು ಜನ ಒತ್ತಿದರು. ನಾನೂ ಒತ್ತಿದೆ. ಸೈನು ಮಾಡಲಿಲ್ಲ. ಕಾರಣ ಇದೆ, ಕೇಳಬೇಡ.

ಶಿಡ್ಲಘಟ್ಟಕ್ಕೆ ಹೋಗಿ ತಾಲ್ಲೂಕು ಕಚೇರಿಯಲ್ಲಿ ಕೊಟ್ಟು ಬಂದೆ. ನಾನು ಮನೆ ಮುಟ್ಟುವುದಕ್ಕೆ ಮುಂಚೆಯೇ ವೆಂಕಟರಾಮಪ್ಪನಿಗೆ ಗೊತ್ತಾಗಿತ್ತು. ಮಾರನೆ ದಿನದಿಂದ ಕೇರಿಯ ಹೆಂಗಸರನ್ನು ಯಾರೂ ಸೊಪ್ಪಿಗೆ ಕರೆಯುತ್ತಿಲ್ಲ. ದನ ಬಿಡುವ ದಾರಿಗೆ ಮುಳ್ಳು ಹಾಕಿದ್ದಾರೆ. ನಿಮ್ಮಮ್ಮ ಸೊಣ್ಣಹಳ್ಳಿಗೆ ಮೂರು ಮೈಲಿ ನಡೆದು ಹೋಗುತ್ತಾಳೆ. ನೀನು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಓದು.

ನಿಮ್ಮಪ್ಪ
ನಲ್ಲಪ್ಪ


ಬೆಂಗಳೂರು
6 ಡಿಸೆಂಬರ್ 1959

ಅಪ್ಪಾ,

ಅಮ್ಮ ಮೂರು ಮೈಲಿ ನಡೆಯುತ್ತಾಳೆ ಅಂತ ಬರೆದು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂತಲೂ ಬರೆಯುತ್ತೀಯ. ನಾನು ಇಲ್ಲಿ ಟೆಸ್ಟು ಬರೆಯುತ್ತಾ ಆನ್ಸರ್ ಪೇಪರಿನ ಮೇಲೆ ಆ ಮುಳ್ಳಿನ ದಾರಿಯನ್ನೇ ನೋಡುತ್ತಿದ್ದೆ. ಹಿಸ್ಟರಿಯಲ್ಲಿ ಫೇಲು.

ಪೊಲೀಸಿಗೆ ಕೊಡೋಣ ಅಂದರೆ ರಜದಲ್ಲೇ ನೀನು ಹೇಳಿದ್ದೆ, ಪೊಲೀಸರು ಒಂದಿನ ಬಂದು ಗೌಡನ ಮನೆಯಲ್ಲಿ ಉಂಡು ಹೋಗುತ್ತಾರೆ, ನಾವು ದಿನಾ ಇಲ್ಲೇ ಇರಬೇಕು ಅಂತ. ಸರಿ. ಹಾಗಾದರೆ ಓಟು.

ನಿನ್ನ ಕಾರ್ಡೂ ಬಂತು. ಕೋಲಾರದಿಂದ ಆರ್ಡರು ಬಂದಿದೆ, ಕೇರಿಯ ಓಟುದಾರರನ್ನು ಸ್ಕೂಲಿನ ಮುಂದೆ ಸೇರಿಸಿ ಕೈ ಎತ್ತಿಸುತ್ತಾರೆ ಅಂತ ಬರೆದಿದ್ದೀಯ. ಕೈ ಎತ್ತಿಸುವುದಾ? ಎದುರಿಗೆ ಜಗಲಿಯ ಮೇಲೆ ಅವನು ಕಾಲು ಇಳಿಬಿಟ್ಟು ಕೂತಿರುವಾಗ? ಯಾರ ಕೈ ಮೇಲೆ ಹೋಗುತ್ತದೆ? ಮೇಲೆ ಹೋದ ಕೈಗೆ ಮಾರನೆ ದಿನ ಕೂಲಿ ಎಲ್ಲಿ? ಒಪ್ಪಬೇಡ. ಪೆಟ್ಟಿಗೆ ಬೇಕು ಅಂತ ಕೇಳು. ಎಂ.ಎಲ್.ಎ. ಓಟಿಗೆ ಕೊಡುವ ಪೆಟ್ಟಿಗೆ ನಮ್ಮ ಊರಿನ ಓಟಿಗೆ ಯಾಕೆ ಇಲ್ಲ? ಇನ್ನೊಂದು ಅರ್ಜಿ ಬರೆದು ಇದರೊಳಗೆ ಇಟ್ಟಿದ್ದೇನೆ, ನಾನೇ ಟೈಪು ಮಾಡಿಸಿದೆ. ರೂಮ್‌ಮೇಟ್‌ನ ಚಿಕ್ಕಪ್ಪ ಚಿಂತಾಮಣಿ ಕೋರ್ಟಿನ ಹತ್ತಿರ ಟೈಪಿಸ್ಟು, ಅವರಿಗೆ ಪೋಸ್ಟು ಮಾಡಿ ತರಿಸಿಕೊಂಡೆ.

ವಾರ್ಡನ್ ಕರೆದು, "ನೀನು ಊರಿನ ಪಾಲಿಟಿಕ್ಸ್ ಮಾಡ್ತಿದೀಯಂತೆ, ಸ್ಕಾಲರ್‌ಷಿಪ್ ಬೇಕೋ ಬೇಡವೋ?" ಅಂದರು. "ಪಾಲಿಟಿಕ್ಸ್ ನನ್ನ ಆಪ್ಷನಲ್ ಸರ್" ಅಂದೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಆದರೆ ಹಿಂದೆ ಸರಿಯುವುದಿಲ್ಲ. ಸಂಜೆ ನಲ್ಲಿಯ ಕ್ಯೂನಲ್ಲಿ ನಿಂತಾಗಲೂ ನನಗೆ ಕಾಣುವುದು ಒಂದೇ ಚಿತ್ರ. ಸೊಣ್ಣಹಳ್ಳಿ, ಒಂದು ಕಲ್ಲು, ಅದರ ಮೇಲೆ ವೆಂಕಟರಾಮಪ್ಪ.

ನಿನ್ನ
ಬಯ್ಯಪ್ಪ


ಕುಂಟಪಲ್ಲಿ ಕೇರಿ
18 ಜನವರಿ 1960

ಬಯ್ಯನಿಗೆ,

ಪೆಟ್ಟಿಗೆ ಕೊಟ್ಟರು. ಫೆಬ್ರವರಿ ಏಳು, ಭಾನುವಾರ, ಸ್ಕೂಲಿನೊಳಗೆ, ಪರದೆ ಕಟ್ಟಿ. ಸುಣ್ಣ ಬಳಿದ ಪೆಟ್ಟಿಗೆ ಬೇರೆ ಹೋಗುವುದಕ್ಕೆ, ಕರಿ ಬಳಿದದ್ದು ಒಟ್ಟಿಗಿರುವುದಕ್ಕೆ. ನಿನ್ನ ಟೈಪಿನ ಅರ್ಜಿ ನೋಡಿ ತಹಶೀಲ್ದಾರರು "ಇದನ್ನ ಬರೆದೋರು ಯಾವ ವಕೀಲರು?" ಅಂದರು. ನನ್ನ ಮಗ ಅನ್ನಲಿಲ್ಲ. ಅನ್ನಬೇಕು ಅನ್ನಿಸಿತು.

ನೀನು ಬರಬೇಡ. ಪರೀಕ್ಷೆ ಹತ್ತಿರ ಇದೆ.

ನಲ್ಲಪ್ಪ


ಬೆಂಗಳೂರು
15 ಫೆಬ್ರವರಿ 1960

ಅಪ್ಪನಿಗೆ,

ನೀನು ಬರೆಯಲಿಲ್ಲ. ಶಿಡ್ಲಘಟ್ಟದಿಂದ ಬಂದ ಕ್ಲಾಸ್‌ಮೇಟ್ ಒಬ್ಬ ಹೇಳಿದ. ಕರಿ ಪೆಟ್ಟಿಗೆಯಲ್ಲಿ ನೂರ ಹದಿನೆಂಟು. ಸುಣ್ಣದ ಪೆಟ್ಟಿಗೆಯಲ್ಲಿ ಇಪ್ಪತ್ತೊಂದು.

ಮೊದಲು ಅವನು ಉಲ್ಟಾ ಹೇಳುತ್ತಿದ್ದಾನೆ ಅಂದುಕೊಂಡೆ. ಮೂರು ಸಲ ಕೇಳಿದೆ. "ನಿಮ್ಮಪ್ಪನೇ ಮನೆಮನೆಗೆ ಹೋಗಿ ಕರಿ ಪೆಟ್ಟಿಗೆಗೆ ಹಾಕಿ ಅಂತ ಹೇಳಿದನಂತಲ್ಲೋ, ವೆಂಕಟರಾಮಪ್ಪ ನಿಮ್ಮನೆಗೆ ಬಂದು ಹೋದ ಮೇಲೆ" ಅಂದ. ಮೆಸ್ಸಿನಲ್ಲಿ ಎಲ್ಲರ ಎದುರಿಗೆ. ತಟ್ಟೆ ಬಿಟ್ಟು ಎದ್ದೆ.

ಅವನು ನಮ್ಮ ಮನೆಗೆ ಬಂದಿದ್ದನಾ? ನೀನು ಏನು ಮಾಡಿದೆ? ನಿಂತುಕೊಂಡು ಕೈಮುಗಿದೆಯಾ? ನಾನು ನಿನಗೆ ಚಾಕು ಕೊಟ್ಟೆ, ನೀನು ಅದರಲ್ಲಿ ಅವನಿಗೆ ಹಣ್ಣು ಹೆಚ್ಚಿಕೊಟ್ಟೆ. ಏಳು ತಿಂಗಳು ನಾನು ಇದನ್ನೇ ತಿಂದು, ಇದನ್ನೇ ಕುಡಿದು, ಫೇಲಾಗಿ, ವಾರ್ಡನ್ ಕೈಲಿ ಬೈಸಿಕೊಂಡು, ಎಲ್ಲ ಯಾರಿಗೋಸ್ಕರ? ಆ ಕಲ್ಲಿನ ಮೇಲೆ ಕೂತು ಕೂತು ನಿನಗೆ ಅದೇ ಹಿತವಾಗಿದೆ ಅಂತ ಕಾಣುತ್ತದೆ. ಅವನು ಏನು ಕೊಟ್ಟ ಅಪ್ಪಾ? ಒಂದು ಚೀಲ ರಾಗಿಯಾ? ಹೊಸ ಪಂಚೆಯಾ?

ಯುಗಾದಿಗೆ ಬರುವುದಿಲ್ಲ. ಬೇಸಗೆ ರಜಕ್ಕೂ ಬರುವುದು ಅನುಮಾನ. ಹಾಸ್ಟೆಲಿನಲ್ಲೇ ಇರುತ್ತೇನೆ.

ಬಯ್ಯಪ್ಪ


ಕುಂಟಪಲ್ಲಿ ಕೇರಿ
3 ಮಾರ್ಚ್ 1960

ಬಯ್ಯನಿಗೆ,

ನಿನ್ನ ಕಾಗದದ ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದೀಯ. ಅದಕ್ಕೆ ಉತ್ತರ ಬರೆಯುವುದಿಲ್ಲ. ನಿಮ್ಮಮ್ಮನಿಗೆ ಅದನ್ನು ಓದಿ ಹೇಳಲೂ ಇಲ್ಲ. ಮಿಕ್ಕಿದ್ದು ಬರೆಯುತ್ತೇನೆ. ಇಷ್ಟುದ್ದ ನಾನು ಯಾವತ್ತೂ ಬರೆದಿಲ್ಲ, ಎರಡು ದಿನ ಹಿಡಿಯಿತು.

ಮೊದಲನೇ ವರ್ಷ ನಾನು ಆ ಪುಸ್ತಕವನ್ನು ಓದಲಿಲ್ಲ, ಧೈರ್ಯ ಇರಲಿಲ್ಲ. "ದೀಪದ ಕಂಬದ ವಿಷ್ಯ, ಒತ್ತೋ" ಅನ್ನುತ್ತಿದ್ದರು, ಒತ್ತುತ್ತಿದ್ದೆ. ಎರಡನೇ ವರ್ಷ ಒಂದು ಸಂಗತಿ ಗಮನಿಸಿದೆ. ಸೈನು ಮಾಡುವ ಮೆಂಬರಿಗೆ ಕೋನಪ್ಪ ಹಾಳೆಗೆ ಕೈ ಅಡ್ಡ ಇಟ್ಟು, ಇಲ್ಲಿ ಅಂತ ಬೆರಳು ತೋರಿಸಿ, ಮಾಡಿದ ತಕ್ಷಣ ಮುಚ್ಚುತ್ತಾನೆ. ನನ್ನ ಹತ್ತಿರ ಮೊರ ತಳ್ಳಿ ಬೀಡಿ ಹಚ್ಚುವುದಕ್ಕೆ ಹೋಗುತ್ತಾನೆ. ಹೆಬ್ಬೆಟ್ಟು ಒತ್ತುವವನ ಮುಂದೆ ಪುಸ್ತಕ ಮುಚ್ಚುವ ಕೆಲಸ ಯಾರಿಗೂ ಇಲ್ಲ. ಅವತ್ತಿಂದ ಶಾಯಿ ಒಣಗಿಸುವ ನೆಪದಲ್ಲಿ ಹಿಂದಿನ ಹಾಳೆ ತಿರುವಿ ಓದುತ್ತಾ ಬಂದೆ. ಸೈನು ಮಾಡಿದ್ದರೆ ಆ ಪುಸ್ತಕ ಮತ್ತೆ ಬಾಗಿಲಾಚೆಗೆ ಬರುತ್ತಿತ್ತಾ?

ಐವತ್ತೇಳನೇ ಇಸವಿಯ ಹದಿನಾಲ್ಕನೇ ತೀರ್ಮಾನ. ಬಾಯಿಪಾಠ ಆಗಿದೆ. "ಹರಿಜನ ಕೇರಿಯವರ ಕುಡಿಯುವ ನೀರಿಗಾಗಿ ಸರ್ಕಾರ ಮಂಜೂರು ಮಾಡಿದ ಬಾವಿಯನ್ನು ಅಧ್ಯಕ್ಷರ ಮನೆಯ ಮುಂದಿನ ಜಾಗದಲ್ಲಿ ತೋಡಿಸುವುದು. ಕೇರಿಯವರೆಲ್ಲರಿಗೂ ನೀರು ಸೇದುವ ಹಕ್ಕಿದೆ. ಸದಸ್ಯ ನಲ್ಲನು ಸಭೆಯಲ್ಲಿ ಕೂತು ಒಪ್ಪಿರುತ್ತಾನೆ." ಕೆಳಗೆ ನನ್ನ ಹೆಬ್ಬೆಟ್ಟು. ಅದೇ ದೀಪದ ಕಂಬ!

ಆ ಬಾವಿ ನಮ್ಮದು ಬಯ್ಯಾ. ಮೊದಲೇ ಬಾಯಿ ಬಿಟ್ಟಿದ್ದರೆ ಪುಸ್ತಕವನ್ನು ಗೆದ್ದಲು ತಿಂತು ಅನ್ನುತ್ತಿದ್ದರು. ಅವನ ಕುತ್ತಿಗೆ ಎಲ್ಲಾದರೂ ಸಿಕ್ಕಿಕೊಳ್ಳಲಿ ಅಂತ ಕಾಯುತ್ತಿದ್ದೆ. ಹಗ್ಗ ಕಳಿಸಿದವನು ನೀನು. ಆದರೆ ನಿನ್ನ ದಾರಿಯಲ್ಲಿ ಬೇರೆ ಹೋಗಿದ್ದರೆ ಪುಸ್ತಕ ಅವರ ಜೊತೆ ಹೋಗುತ್ತಿತ್ತು. ಹಾಗಂತ ನೀನೇ ಬರೆದೆ. ಬಾವಿಯೂ ಹೋಗುತ್ತಿತ್ತು.

ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ, ಊಟದ ಹೊತ್ತಿನಲ್ಲಿ ವೆಂಕಟರಾಮಪ್ಪ ಕೇರಿಗೆ ಬಂದ. ಹಿಂದೆ ಕೋನಪ್ಪ ಕೊಡೆ ಹಿಡಿದಿದ್ದ. ಹುಟ್ಟಿದ ಮೇಲೆ ಅವನು ಇಲ್ಲಿ ಕಾಲಿಟ್ಟದ್ದು ಅವತ್ತೇ, ಮನೆ ಯಾವುದು ಅಂತ ಗೊತ್ತಿಲ್ಲ. ಗಂಗುಲಮ್ಮಜ್ಜಿಯನ್ನು "ನಲ್ಲಪ್ಪನ ಮನೆ ಯಾವ್ದಮ್ಮ?" ಅಂದನಂತೆ. ಅವಳು "ನಲ್ಲಪ್ಪನಾ? ಹಂಗಂತ ಯಾರೂ ಇಲ್ವಲ್ಲ ಸಾಮಿ. ನಲ್ಲ ಅಂತ ಒಬ್ಬ ಅವ್ನೆ, ನೀವು ಕರಿಯಾದು, ಅವ್ನಾ?" ಅಂದಳಂತೆ.

ನಾನು ಉಣ್ಣುತ್ತಿದ್ದೆ. ಏಳಲಿಲ್ಲ. ಹೊಸ್ತಿಲ ಒಳಗಿಂದಲೇ ನಿಮ್ಮಮ್ಮ ಬಟ್ಟೆ ಒಗೆಯುವ ಕಲ್ಲನ್ನು ತೋರಿಸಿ "ಕೂತ್ಕೊಳಿ ವೆಂಕಟರಾಮಪ್ಪನೋರೆ" ಅಂದೆ. ಹೆಸರು ಹಿಡಿದು ಕರೆದೆ, ಬಾಯಿ ತಪ್ಪಿ ಅಲ್ಲ. ಕಲ್ಲು ಬಿಸಿಲಿಗೆ ಕಾದಿತ್ತು. ಅವನು ಸುತ್ತ ನೋಡಿ ಕೂತ.

"ಮನ ಊರು ಕದಾ ನಲ್ಲಪ್ಪಾ" ಅಂತ ತೆಲುಗಿನಲ್ಲಿ ಶುರು ಮಾಡಿದ. "ನಮ್ಮೂರು ನಮ್ಮೂರಾಗೇ ಇರ್ಲಿ. ಆ ಸೊಣ್ಣಹಳ್ಳಿಯೋರ ಕಾಲ್ ಕೆಳಗೆ ಯಾಕೆ ಹಾಕ್ತೀಯ?"

"ಹದ್ನಾಲ್ಕನೇ ತೀರ್ಮಾನ ನಡೆಸ್ಕೊಡಿ. ಇರ್ತೀವಿ" ಅಂದೆ.

"ಯಾವ ಹದ್ನಾಲ್ಕು?"

ಬಾಯಿಪಾಠ ಒಪ್ಪಿಸಿದೆ. ಅವನ ಮುಖ ಸುಣ್ಣವಾಯಿತು. "ಯಾರೋ ನಿಂಗೆ ಹೇಳಿದ್ದು?"

"ಪುಸ್ತಕ ಹೇಳ್ತು."

"ನಿಂಗೆ ಓದಕ್ಕೆ ಬರ್ತೈತಾ?"

"ಎರಡು ವರ್ಷದಿಂದ ನಿಮ್ಮ ಪುಸ್ತಕಾನೇ ಓದ್ತಾ ಇದೀನಿ. ನೀವೇ ಬಾಗ್ಲಿಗೆ ಕಳುಸ್ತಿದ್ರಲ್ಲ."

ಅವನು ತಿರುಗಿ ಕೋನಪ್ಪನನ್ನು ನೋಡಿದ. ಕೋನಪ್ಪ ಆಕಾಶ ನೋಡಿದ. ಆಮೇಲೆ ವೆಂಕಟರಾಮಪ್ಪ ಕೊನೆಯದೊಂದು ಹೂಡಿದ. "ನಿನ್ ಮಗನೇ ಅರ್ಜಿಯಾಗೆ ಬರ್ದವ್ನಲ್ಲಯ್ಯ, ನಿಮ್ಮ ಬಾವಿ ಬೇರೆ ಐತೆ ಅಂತ?"

ಬಯ್ಯಾ, ನಮಗೆ ಬೇರೆ ಬಾವಿ ಇಲ್ಲ. ಅದು ಕುಂಟೆ. ಅದರಲ್ಲಿ ಎಮ್ಮೆ ಬೀಳುತ್ತವೆ. ನೀನು ಒಂಬತ್ತನೇ ವಯಸ್ಸಿಗೆ ಚಿಕ್ಕಬಳ್ಳಾಪುರದ ಹಾಸ್ಟೆಲಿಗೆ ಹೋದವನು, ಮರೆತೆ. ಮರೆಯಲಿ ಅಂತಲೇ ನಾವು ಕಳಿಸಿದ್ದು. ಆದರೂ ಅವತ್ತು ನಿಮ್ಮಮ್ಮ ಎದ್ದು ಹೋದದ್ದು ಅದಕ್ಕೇ. ಅವನಿಗೆ ಮಾತ್ರ, "ಹುಡುಗ ತಪ್ಪಾಗಿ ಬರ್ದ, ಪುಸ್ತಕ ಸರಿಯಾಗಿ ಬರ್ದೈತೆ" ಅಂದೆ.

ಒಂದು ಹಾಳೆ ಬರೆದು ಇಟ್ಟುಕೊಂಡಿದ್ದೆ. ಬಾವಿ ಕೇರಿಯದು, ಇವತ್ತಿಂದ ಕೇರಿಯವರು ಸೇದುತ್ತಾರೆ, ಯಾರೂ ಅಡ್ಡ ಬರುವುದಿಲ್ಲ, ದನದ ದಾರಿಯ ಮುಳ್ಳು ತೆಗೆಯುತ್ತೇವೆ, ಮೆಂಬರುಗಳೆಲ್ಲ ಒಳಗೆ ಕೂರುತ್ತೇವೆ. ನಿಮ್ಮಮ್ಮ ಹಾಳೆಯನ್ನೂ ಪೆನ್ನನ್ನೂ ಮೊರದಲ್ಲಿಟ್ಟು ಹೊಸ್ತಿಲ ಹತ್ತಿರ ತಂದಳು. ತಂದು, ಕೋನಪ್ಪನನ್ನು ಕೇಳಿದಳು. "ಕೋಲಲ್ಲಿ ತಳ್ಳಲಾ ಕೋನಣ್ಣ, ಕಾಲಲ್ಲಿ ತಳ್ಳಲಾ? ನಿಮ್ಮಲ್ಲಿ ಹೆಂಗೆ ಪದ್ಧತಿ?"

ಅವಳು ಮೂವತ್ತು ವರ್ಷದಲ್ಲಿ ಅವರ ಎದುರಿಗೆ ಆಡಿದ ಮೊದಲನೇ ಮಾತು ಅದು. ಕೇರಿಯೆಲ್ಲ ಗೋಡೆ ಮರೆಯಲ್ಲಿ ನಿಂತಿತ್ತು, ಯಾರೂ ನಗಲಿಲ್ಲ. ಕೋಲಿನಿಂದ ತಳ್ಳಿದಳು. ಅವನು ಬಗ್ಗಿ ಮೊರದಿಂದ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಸೈನು ಮಾಡಿದ. ನಾನು ಅವನ ಎದುರಿಗೇ ಓದಿ, ಶಾಯಿಗೆ ಊದಿ, ಕೆಳಗೆ ನನ್ನ ಸೈನು ಮಾಡಿದೆ. ಮಾರನೇ ದಿನ ಅದು ತಹಶೀಲ್ದಾರರ ಕೈಯಲ್ಲಿತ್ತು.

ಅದಕ್ಕೇ ಕರಿ ಪೆಟ್ಟಿಗೆ. ಸೊಣ್ಣಹಳ್ಳಿಯ ಕಲ್ಲಿನ ಮೇಲೆ ಅವನು ಕೂತರೆ ನೋಡುವುದಕ್ಕೆ ನಾವು ಮೂರು ಮೈಲಿ ಹೋಗಬೇಕಿತ್ತು. ನಿನಗೆ ಯಾಕೆ ಮೊದಲೇ ಬರೆಯಲಿಲ್ಲ ಅಂದರೆ, ನೀನು ಹಾಸ್ಟೆಲಿನಲ್ಲಿ ಯಾರಿಗಾದರೂ ಹೇಳುತ್ತಿದ್ದೆ. ಸುಣ್ಣದ ಪೆಟ್ಟಿಗೆಗೆ ಬಿದ್ದ ಇಪ್ಪತ್ತೊಂದು ಯಾರದು ಅಂತ ನಾನು ಕೇಳಿಲ್ಲ. ಒಂದು ನಿಮ್ಮಮ್ಮನದು ಅಂತ ನನಗೆ ಅನುಮಾನ. ನಿನಗೆ ಓಟಿಲ್ಲವಲ್ಲ.

ಒಳಗೆ ಕೂರುತ್ತಿದ್ದೇನೆ. ನನಗೆ ಬೇರೆ ಚಾಪೆ ಹಾಕಿದ್ದಾರೆ. ಹೊಸ ಚುನಾವಣೆಯಲ್ಲಿ ಕೇರಿಯ ಸೀಟಿಗೆ ಗಂಗುಲಮ್ಮಜ್ಜಿಯನ್ನು ನಿಲ್ಲಿಸಿ ನಾನು ವೆಂಕಟರಾಮಪ್ಪನ ಎದುರಿಗೆ ನಿಲ್ಲುತ್ತೇನೆ. ಗೆಲ್ಲುವುದಿಲ್ಲ. ಎದುರಿಗೆ ನಿಂತದ್ದನ್ನು ಅವನು ದಿನಾ ನೋಡಬೇಕು.

ಬೆಳಿಗ್ಗೆ ಮೊದಲು ನಿಮ್ಮಮ್ಮ ಹೋಗುತ್ತಾಳೆ, ಅವಳ ಹಿಂದೆ ಕೇರಿಯ ಅರವತ್ತು ಕೊಡ. ಅವನು ಜಗಲಿಯ ಮೇಲೆ ಕೂತಿರುತ್ತಾನೆ. ಎದ್ದು ಒಳಗೆ ಹೋದರೂ ಶಬ್ದ ಒಳಗೆ ಹೋಗುತ್ತದೆ. ಬಾವಿ ಈಗ ನಮ್ಮದು, ಅವನ ಆಳು ಮುಟ್ಟುವ ಹಾಗಿಲ್ಲ. ರಾಟೆಗೆ ಯಾರೂ ಎಣ್ಣೆ ಬಿಡಬಾರದು ಅಂತ ಕೇರಿಯಲ್ಲಿ ಹೇಳಿದ್ದೇನೆ.

ನಿಮ್ಮಪ್ಪ
ನಲ್ಲಪ್ಪ